ಮಲ್ಲಣ್ಣ ಮನೆ ತೋರಿಸಿದ ಐತವಾರ

ಯಾದಗಿರಿಯ ಹಳೇ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮನೆ ಮಾರುವುದು ಬಲು ಸುಲಭ. ಕೊಳ್ಳುವವನು ಓಣಿಯೊಳಗೆ ಕಾಲಿಡದೆ ಕೊಂಡರೆ ಆಯಿತು. ಕಾಲಿಟ್ಟನೋ, ಎದುರಿಗೆ ಗೊಲ್ಲಾಳಮ್ಮ ಸಿಗುತ್ತಾಳೆ.

ಗೊಲ್ಲಾಳಮ್ಮನಿಗೆ ಯಾರ ಮೇಲೂ ಹಗೆಯಿಲ್ಲ. ಕೇಳಿದವರಿಗೆ ಖರೇ ಹೇಳುವುದು ಆಕೆಯ ರೂಢಿ, ಕೇಳದವರಿಗೂ ಹೇಳುವುದು ಆಕೆಯ ಔದಾರ್ಯ. ಹೋದ ವರ್ಷ ಮೂಲೆಮನೆಯ ಸಂಜುಕುಮಾರ ತನ್ನ ಮನೆ ಮಾರಲು ಹೊರಟಾಗ ಐದು ಮಂದಿ ನೋಡಲು ಬಂದರು. ಐವರನ್ನೂ ಆಕೆ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ಚಹಾದ ಜೊತೆಗೆ, ಹಿಂದಿನ ಗೋಡೆ ಯಾವ ಮಳೆಗೆ ಬಿತ್ತು, ಅದನ್ನು ಮತ್ತೆ ಕಟ್ಟಿದ ಗೌಂಡಿ ದಿನಕ್ಕೆ ಎಷ್ಟು ಕುಡಿಯುತ್ತಿದ್ದ, ಸಂಡಾಸದ ಗುಂಡಿ ಎಷ್ಟು ವರ್ಷಕ್ಕೊಮ್ಮೆ ತುಂಬುತ್ತದೆ ಎಂಬುದನ್ನೂ ಕೊಟ್ಟಳು. ಐವರೂ ಚಹಾ ಭಾಳ ಚಲೋ ಇತ್ತೆಂದು ಹೇಳಿ ಹೋದರು. ಸಂಜುಕುಮಾರ ಇಂದಿಗೂ ಅದೇ ಮನೆಯಲ್ಲಿದ್ದಾನೆ.

ಇದನ್ನೆಲ್ಲ ಕಣ್ಣಾರೆ ಕಂಡವನು ಗೊಲ್ಲಾಳಮ್ಮನ ಗೋಡೆಗೆ ಗೋಡೆ ಹಚ್ಚಿಕೊಂಡಿರುವ ಮಲ್ಲಣ್ಣ. ನಾರಾಯಣಪುರದ ಆಣೆಕಟ್ಟಿನ ಯಾದಗಿರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿ ಎರಡು ವರ್ಷದ ಹಿಂದೆ ನಿವೃತ್ತನಾದ ಮನುಷ್ಯ. ಒಂದು ಕಾಗದವನ್ನು ಆರು ತಿಂಗಳು ಯಾರ ಕಣ್ಣಿಗೂ ಬೀಳದಂತೆ ಇಡುವುದು ಹೇಗೆಂದು ಬಲ್ಲವನು. ಕಾಗದ ಬಚ್ಚಿಟ್ಟವನಿಗೆ ಮನೆ ಮಾರುವ ಸುದ್ದಿ ಬಚ್ಚಿಡುವುದು ಯಾವ ಮಹಾ ಕೆಲಸ ಎಂದು ಆತ ಎಣಿಸಿದ್ದ. ಕಾಗದಕ್ಕೆ ನೆರೆಮನೆ ಇರುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಮಾರಲೇಬೇಕಿತ್ತು, ಅದೂ ಗಡಬಡಿಯಲ್ಲಿ. ಕಾರಣ ಹೆಂಡತಿ ಕಸ್ತೂರಿ. ಆಕೆ ಶಹಾಪುರದ ದವಾಖಾನೆಯಲ್ಲಿ ನರ್ಸು. ಹನ್ನೊಂದು ವರ್ಷದಿಂದ ಮುಂಜಾನೆ ಏಳೂಕಾಲಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಾಳೆ. ಹೆಣ್ಣುಮಕ್ಕಳಿಗೆ ಟಿಕೀಟು ಮಾಫಿ ಆದಂದಿನಿಂದ ಬಸ್ಸಿನಲ್ಲಿ ಕೂರುವ ಮಾತೇ ಇಲ್ಲ. ಭೀಮಾ ಸೇತುವೆ ದಾಟಿ ಶಹಾಪುರದ ಗುಡ್ಡ ಕಾಣುವತನಕ ನಿಂತೇ ಹೋಗಬೇಕು. ದವಾಖಾನೆಯಲ್ಲಿ ಮತ್ತೆ ದಿನವಿಡೀ ನಿಲ್ಲಬೇಕು. ನೌಕರಿ ಇನ್ನೂ ಆರು ವರ್ಷ ಬಾಕಿ. ಹೀಗಿರುವಾಗ ದವಾಖಾನೆಯ ಕಂಪೌಂಡಿಗೆ ಹತ್ತಿದಂತೆ ಎರಡು ಕೋಣೆಯ ಮನೆಯೊಂದು ಮಾರಾಟಕ್ಕಿದೆ ಎಂದು ತಿಳಿಯಿತು. ಆ ದಿನ ಕಸ್ತೂರಿ ಮನೆಗೆ ಬಂದವಳು ಚಪ್ಪಲಿ ಸಹ ಬಿಡದೆ, "ಅಲ್ಲಿಂದ ಡ್ಯೂಟಿಗಿ ನಲವತ್ತು ಹೆಜ್ಜಿ. ನಾ ಎಣಸಿ ಬಂದೀನಿ" ಎಂದಿದ್ದಳು.

ಆ ಮನೆಯ ಮಾಲಕ ಸೋಮವಾರ ಸಂಜೆಯತನಕ ಕಾಯುತ್ತೇನೆ, ಮಂಗಳವಾರ ಬೇರೆಯವರಿಗೆ ಕೊಡುತ್ತೇನೆ ಎಂದು ಖಡಾಖಂಡಿತ ಹೇಳಿಬಿಟ್ಟಿದ್ದ. ಈ ಮನೆ ಹೋದರೆ ಆ ಮನೆ, ಇಲ್ಲವಾದರೆ ಇನ್ನಾರು ವರ್ಷ ಏಳೂಕಾಲಿನ ಬಸ್ಸು. ಗಿರಾಕಿ ಸಿಕ್ಕಿದ್ದು ಒಬ್ಬನೇ: ಸುರಪುರದಿಂದ ಯಾದಗಿರಿಗೆ ವರ್ಗವಾಗಿದ್ದ ಸಂಗಮನಾಥ ಎಂಬ ಹೈಸ್ಕೂಲು ಮಾಸ್ತರ. ಐತವಾರ ಹನ್ನೊಂದಕ್ಕೆ ಬಂದು ಮನೆ ನೋಡುತ್ತೇನೆಂದು ಫೋನಿನಲ್ಲಿ ಹೇಳಿದ್ದ.

ಗುರುವಾರ ನಸುಕಿನಲ್ಲೇ ಎದ್ದು ಮಲ್ಲಣ್ಣ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಗಿರಾಕಿಗೆ ತೋರಿಸುವ ಮೊದಲು ಮನೆಯನ್ನು ಹೇಗೆ ಸಜ್ಜು ಮಾಡಬೇಕೆಂದು ಬೆಂಗಳೂರು ಕಡೆಯ ಹೆಣ್ಣುಮಗಳೊಬ್ಬಳು ನಗುನಗುತ್ತ ಹೇಳುತ್ತಿದ್ದಳು. ಗೋಡೆ ಖಾಲಿ ಮಾಡಿ, ನಿಮ್ಮ ಗುರುತು ಎಲ್ಲೂ ಇರಬಾರದು. ಸಾಮಾನು ಅರ್ಧಕ್ಕರ್ಧ ಹೊರಗೆ ಹಾಕಿ, ಮನೆ ದೊಡ್ಡದಾಗಿ ಕಾಣುತ್ತೆ. ಒಳಗೆ ಒಳ್ಳೆಯ ವಾಸನೆ ಇರಲಿ. ಮಲ್ಲಣ್ಣ ಅದನ್ನು ನಾಲ್ಕು ಸಲ ನೋಡಿ, ಹಳೆಯ ಫೈಲಿನ ಬೆನ್ನ ಮೇಲೆ ಬರೆದುಕೊಂಡು, ರೂಢಿಯಂತೆ ಕೆಳಗೊಂದು ಸಹಿ ಹಾಕಿದ.

"ನಿಮ್ಮಪ್ಪನ ಫೋಟೋ ಯಾಕ ಇಳಸಾಕತ್ತೀರಿ?" ಎಂದಳು ಬಸ್ಸಿಗೆ ಹೊರಟು ನಿಂತಿದ್ದ ಕಸ್ತೂರಿ.

"ನಮ್ಮ ಗುರ್ತು ಎಲ್ಲೂ ಇರಬಾರದಂತ."

"ಹಂಗಾರ ನಿಮ್ಮನ್ನೂ ಎಲ್ಲರ ಇಟ್ಟು ಬರಬೇಕಾಗ್ತದ."

ಫೋಟೋ ಆದಮೇಲೆ ಕ್ಯಾಲೆಂಡರುಗಳು ಇಳಿದವು. ಗೊಬ್ಬರದಂಗಡಿಯದು, ಬೀಜದಂಗಡಿಯದು, ಬಂಗಾರದಂಗಡಿಯದು. ಆ ಮನೆಯಲ್ಲಿ ಪ್ರತಿ ಕ್ಯಾಲೆಂಡರಿಗೂ ಒಂದು ಕಾರಣವಿತ್ತು. ಒಂದರ ಹಿಂದೆ ಬಿರುಕು, ಒಂದರ ಹಿಂದೆ ಹಸಿ, ಬಂಗಾರದಂಗಡಿಯದರ ಹಿಂದೆ ಅಂಗೈ ಹೋಗುವಷ್ಟು ತೂತು. ಹತ್ತೊಂಬತ್ತು ವರ್ಷ ಜತನವಾಗಿ ಮುಚ್ಚಿಟ್ಟಿದ್ದ ಮನೆ ಒಂದೇ ತಾಸಿನಲ್ಲಿ ತನ್ನ ನಿಜರೂಪಕ್ಕೆ ಬಂತು. ಮಲ್ಲಣ್ಣ ಗಾಬರಿಯಾಗಿ ಸುಣ್ಣ ತರಲು ಓಡಿದ. ಸುಣ್ಣದ ಬಕೀಟಿನೊಂದಿಗೆ ತಿರುಗಿ ಬಂದವನು, ಎರಡನೆಯ ನಿಯಮದ ಪ್ರಕಾರ ಜೋಳದ ಡಬ್ಬಿ, ಹನ್ನೊಂದು ಕೌದಿ, ಕೆಟ್ಟ ಕೂಲರು, ಕಾಲು ಮುರಿದ ಪಲ್ಲಂಗ ಇವನ್ನೆಲ್ಲ ಎಲ್ಲಿಡುವುದೆಂದು ಯೋಚಿಸಿ, ಹತ್ತಿರವಿದ್ದ ಜಾಗದಲ್ಲೇ ಇಟ್ಟ. ಹತ್ತಿರವಿದ್ದ ಜಾಗ ಗೊಲ್ಲಾಳಮ್ಮನ ಪಡಸಾಲೆ.

ಆಕೆ ಎಲ್ಲವನ್ನೂ ಒಳಗಿಡಿಸಿಕೊಂಡಳು. ಕಡೆಯ ಕೌದಿ ಬಂದಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮಲ್ಲಣ್ಣ, ಉಗಾದಿ ಹೋಗಿ ಮೂರು ತಿಂಗಳಾತು. ದಸರಾ ಇನ್ನಾ ದೂರ ಅದ. ಈಗ ಸುಣ್ಣ ಎದಕ್ಕ?"

ಈ ಸೀಮೆಯಲ್ಲಿ ಏನು ಹೇಳಿದರೂ ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಬರುತ್ತದೆ. ಮರುಪ್ರಶ್ನೆ ಹುಟ್ಟದಂತಹ ಉತ್ತರ ಒಂದೇ ಒಂದು. ಅದು ಮಲ್ಲಣ್ಣನ ಬಾಯಿಂದ ತಾನಾಗಿ ಬಿತ್ತು.

"ಗುಡ್ಡದ ಮಠದ ಅಜ್ಜಾರು ಬರಾಕತ್ತಾರ. ಪಾದಪೂಜಿ."

ಸ್ವಾಮಿಗಳ ಹೆಸರು ಕೇಳಿದ್ದೇ ಗೊಲ್ಲಾಳಮ್ಮ ಸೊಂಟದ ಮೇಲಿನ ಕೈ ತೆಗೆದು ಸೆರಗು ತಲೆಯ ಮೇಲೆ ಹೊದ್ದಳು.

"ಯಾವತ್ತು?"

"ಐತವಾರ."

ಸುಳ್ಳು ಹೇಳುವವನು ತಾರೀಖು ಹೇಳಬಾರದು. ಹೇಳಿದರೂ ಗಿರಾಕಿ ಬರುವ ತಾರೀಖು ಹೇಳಬಾರದು. ಆದರೆ ಮೂರು ದಿನದಿಂದ ಅವನ ತಲೆಯಲ್ಲಿ ಇದ್ದುದು ಅದೊಂದೇ ವಾರ.

ಸಂಜೆ ಕಸ್ತೂರಿಗೆ ಗೊತ್ತಾದಾಗ ಆಕೆ ಚೀಲ ಕೆಳಗಿಟ್ಟು ಗೋಡೆಗೆ ಒರಗಿ ಕುಳಿತಳು. ಮಲ್ಲಣ್ಣ ತನ್ನ ಯೋಜನೆ ವಿವರಿಸಿದ. ಹನ್ನೊಂದಕ್ಕೆ ಮಾಸ್ತರ ಬರುತ್ತಾನೆ, ನೋಡುತ್ತಾನೆ, ಹೋಗುತ್ತಾನೆ. ಹನ್ನೆರಡಕ್ಕೆ, ಅಜ್ಜನವರಿಗೆ ಆರಾಮಿಲ್ಲ, ಬರುವುದು ರದ್ದಾಯಿತು ಎಂದು ಓಣಿಗೆ ಹೇಳಿದರೆ ಮುಗಿಯಿತು.

"ಅಜ್ಜಾರಿಗಿ ಎಂಬತ್ನಾಕು ವರ್ಷ," ಎಂದಳು ಕಸ್ತೂರಿ. "ನೀವು ಸುಮ್ಮಸುಮ್ಮಕ ಅವರಿಗಿ ಜಡ್ಡು ಹಚ್ಚಬ್ಯಾಡ್ರಿ. ನಾ ದವಾಖಾನಿಯಾಗ ಇರಾಕಿ. ಇಂಥಾವು ಖರೇ ಆಗೋದು ನೋಡೀನಿ."

"ಮತ್ತೇನಂತ ಹೇಳ್ಲಿ?"

"ಖರೇ ಹೇಳ್ರಿ."

"ಖರೇ ಹೇಳಿದ್ರ ಸಂಜುಕುಮಾರನ ಗತಿ. ನಿನಗ ನಲವತ್ತು ಹೆಜ್ಜಿ ಬೇಕೋ ಬ್ಯಾಡೋ?"

ಕಸ್ತೂರಿ ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆಕೆಗೆ ಬೇಕಿತ್ತು.

ಶುಕ್ರವಾರದಿಂದ ಮಲ್ಲಣ್ಣ ಒಂದು ಕಡೆ ಕೂತದ್ದಿಲ್ಲ. ಮಾಳಿಗೆ ಹತ್ತುತ್ತಿದ್ದ, ಇಳಿಯುತ್ತಿದ್ದ, ಓಣಿಯ ಬಾಯಿಗೆ ಹೋಗಿ ನಿಂತು, ಯಾಕೆ ಬಂದೆನೆಂದು ನೆನಪಾಗದೆ ತಿರುಗಿ ಬರುತ್ತಿದ್ದ. ಯಾಕೆಂದರೆ ಓಣಿ ಎದ್ದು ಕೂತಿತ್ತು. ಮೂರು ವರ್ಷದಿಂದ ಮಲ್ಲಣ್ಣನ ಬಾಗಿಲ ಮುಂದೆ ಕಟ್ಟಿಕೊಂಡು ನಿಂತಿದ್ದ ಗಟಾರವನ್ನು, ಸಂಜುಕುಮಾರ ನಗರಸಭೆಯವರನ್ನು ಕರೆತಂದು ಒಂದೇ ಮುಂಜಾನೆಗೆ ತೆಗೆಸಿದ. "ನಾ ಅರ್ಜಿ ಕೊಟ್ಟಾಗ ಯಾರೂ ಬರಲಿಲ್ಲ. ಅಜ್ಜಾರು ಅಂದೆ, ನಾಕು ಮಂದಿ ಓಡಿ ಬಂದ್ರು" ಎಂದು ಹೇಳಿಕೊಂಡು ತಿರುಗಿದ. ಕಂಬದ ದೀಪ ಹತ್ತಿತು. ಎದುರುಮನೆಯ ಇಸ್ಮಾಯಿಲಸಾಬ, ಬೋರುಮೋಟರು ರಿಪೇರಿಯವನು, ತನ್ನ ಬೋರಿನಿಂದ ಮಲ್ಲಣ್ಣನ ಟಾಕಿಗೆ ಪೈಪು ಎಳೆದ.

"ಇಸ್ಮಾಯಿಲಸಾಬ, ಇದೆಲ್ಲ ಯಾಕ್ರಿ," ಎಂದು ಮಲ್ಲಣ್ಣ ಕ್ಷೀಣವಾಗಿ ಅಂದ.

"ಅಜ್ಜಾರ ಪಾದಕ್ಕ ನಳದ ನೀರು ಹಾಕ್ತಿಯೇನು? ಆ ನೀರಿನಾಗ ಕೈ ತೊಳದ್ರ ಮತ್ತ ಕೈ ತೊಳೀಬೇಕಾಗ್ತದ." ಇಸ್ಮಾಯಿಲಸಾಬ ಪೈಪಿನ ಕೀಲಿಗೆ ದಾರ ಸುತ್ತುತ್ತ ಹೇಳಿದ. "ನಮ್ಮ ಅಬ್ಬಾ ಹುಚ್ಚನಾಯಿ ಕಡಿಸ್ಕೊಂಡಾಗ ಈ ಅಜ್ಜಾರ ಮಠದಾಗೇ ನಲವತ್ತು ದಿನ ಔಷಧಕ್ಕ ಇದ್ದ. ಇದೆಲ್ಲ ಯಾಕ ಅಂತ ನನ್ನ ಕೇಳಬ್ಯಾಡ."

ಮಲ್ಲಣ್ಣ ಕೇಳಲಿಲ್ಲ. ಕೇಳದಿರಲು ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡುವುದು ನ್ಯಾಯ. ಗಟಾರ ಹೋಗಿತ್ತು, ದೀಪ ಬಂದಿತ್ತು, ಟಾಕಿ ತುಂಬಿತ್ತು. ಮಾಸ್ತರ ನೋಡಿದರೆ ಮಾರುಹೋಗುವಂತಹ ಮನೆ ಕಣ್ಣೆದುರೇ ತಯಾರಾಗುತ್ತಿತ್ತು. ಸುಳ್ಳಿನಿಂದ ನಷ್ಟವಾದರೆ ಒಪ್ಪಿಕೊಳ್ಳುವುದು ಸುಲಭ, ಲಾಭವಾಗುತ್ತಿದ್ದರೆ ಎಂಥವನ ನಾಲಿಗೆಯೂ ಏಳುವುದಿಲ್ಲ. ಮಲ್ಲಣ್ಣನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಶನಿವಾರ ಗೊಲ್ಲಾಳಮ್ಮ ಅರವತ್ತು ಮಂದಿಯ ಹೋಳಿಗೆಗೆ ಬ್ಯಾಳಿ ನೆನೆಯಿಟ್ಟಳು. ಹನ್ನೊಂದು ಹೆಣ್ಣುಮಕ್ಕಳು ಕುಂಭ ಹೊರುವುದೆಂದಾಯಿತು. ಶಾಮಿಯಾನ ಬಂತು. ಸಂಜೆ ಮನೆಗೆ ಹೋಗುವಾಗ ಗೊಲ್ಲಾಳಮ್ಮ ಮಲ್ಲಣ್ಣನ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು.

"ಮಠದ ಮಂದಿ ಬಂದು ಮನಿ ನೋಡಿ ಹೋದ್ರೇನು?"

ಇದು ಆ ಕಡೆಯ ಪದ್ಧತಿ. ಅಜ್ಜನವರು ಒಂದು ಮನೆಗೆ ಪಾದ ಇಡುವ ಮುಂಚೆ ಮಠದ ಸೇವಕನೊಬ್ಬ ಬಂದು ನೋಡುತ್ತಾನೆ. ಎಲ್ಲಿ ಕೂರುತ್ತಾರೆ, ನೀರು ಎಲ್ಲಿಯದು, ಅಡುಗೆಮನೆ ಹೇಗಿದೆ, ಬಚ್ಚಲಿನಲ್ಲಿ ಕಾಲು ಜಾರುತ್ತದೋ ಏನು, ಎಲ್ಲ ವಿಚಾರಿಸಿ ಹೋಗುತ್ತಾನೆ.

"ಇನ್ನಾ ಬಂದಿಲ್ಲ," ಎಂದ ಮಲ್ಲಣ್ಣ. ಅಂದು ಅವನ ಬಾಯಿಂದ ಬಂದ ಒಂದೇ ಒಂದು ನಿಜ ಅದು, ಅದೇ ಅವನಿಗೆ ಮುಳುವಾಯಿತು.

ಐತವಾರ ಒಂಬತ್ತಕ್ಕೇ ಮಲ್ಲಣ್ಣ ದೊಡ್ಡ ರಸ್ತೆಯ ಮೇಲೆ ಹೋಗಿ ನಿಂತ. ಸುರಪುರದ ಬಸ್ಸಿನಿಂದ ಮಾಸ್ತರ ಇಳಿದ ಕೂಡಲೇ ಹಿಡಿದು, ಹಿಂದಿನ ಸಂದಿಯಿಂದ ಕರೆದೊಯ್ದು, ಯಾರಿಗೂ ಕಾಣದಂತೆ ಮನೆ ತೋರಿಸಿ ಕಳಿಸುವುದು ಅವನ ವಿಚಾರ. ನಾಲ್ಕು ಬಸ್ಸು ಬಂದು ಹೋದವು. ಮಾಸ್ತರ ಇಳಿಯಲಿಲ್ಲ. ಇಳಿಯುವುದು ಹೇಗೆ? ಆತ ಹಿಂದಿನ ದಿನವೇ ಊರಿಗೆ ಬಂದು ಗೆಳೆಯನ ಮನೆಯಲ್ಲಿ ಉಳಿದಿದ್ದ. ಸ್ನಾನ ಮಾಡಿ, ಹಣೆಗೆ ಮೂರೆಳೆ ವಿಭೂತಿ ಬಳಿದು, ಬಿಳೀ ಧೋತರ ಉಟ್ಟು, ಗೆಳೆಯನ ಗಾಡಿಯ ಮೇಲೆ ಓಣಿಯ ಆ ತುದಿಯಿಂದ ಬಂದು ಇಳಿದ. ಹೆಗಲಿಗೆ ಚೀಲ, ಕೈಯಲ್ಲಿ ಅಳತೆಯ ಪಟ್ಟಿ. ಮೊದಲು ಎದುರಾದವಳನ್ನೇ ಕೇಳಿದ.

"ಮಲ್ಲಣ್ಣನೋರ ಮನಿ ಯಾವುದ್ರೆವ್ವ? ನೋಡಿ ಹೋಗಾಕ ಬಂದೀನಿ."

ಮೊದಲು ಎದುರಾದವಳು ಯಾರೆಂದು ಹೇಳಬೇಕಾಗಿಲ್ಲ.

ಸುದ್ದಿ ದೊಡ್ಡ ರಸ್ತೆಗೆ ಮುಟ್ಟಿ ಮಲ್ಲಣ್ಣ ಓಡಿ ಬರುವಷ್ಟರಲ್ಲಿ ಸಂಗಮನಾಥ ಮಾಸ್ತರನನ್ನು ಅವನದೇ ಮನೆಯ ಪಡಸಾಲೆಯ ನಡುವೆ ಕುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಬಾದಾಮಿ ಹಾಲು ಕೊಟ್ಟಿದ್ದರು. ಇಸ್ಮಾಯಿಲಸಾಬ ಹಾಕಿದ ಲೋಬಾನದ ಹೊಗೆ ಮನೆ ತುಂಬಿತ್ತು. ಸುತ್ತ ಹನ್ನೊಂದು ಹೆಣ್ಣುಮಕ್ಕಳು ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು. ಕಸ್ತೂರಿ ಅಡುಗೆಮನೆಯ ಬಾಗಿಲಿಗೆ ಆತುಕೊಂಡು, ಗಂಡನ ಕಡೆ ನೋಡಿದಳು. ಆ ನೋಟವನ್ನು ಬರೆಯುವುದು ಬೇಡ.

ಮಾಸ್ತರ ಈ ಮೊದಲು ಬಹಳ ಮನೆ ನೋಡಿದ್ದ. ಎಲ್ಲೂ ಶಾಲು ಹೊದಿಸಿರಲಿಲ್ಲ. ಈ ಓಣಿಯ ರೀತಿಯೇ ಹೀಗಿರಬಹುದೆಂದು ಹಾಲು ಕುಡಿದು, ಎದ್ದು ಕೆಲಸಕ್ಕೆ ತೊಡಗಿದ.

"ನೀರಿನ ವ್ಯವಸ್ಥಾ ಹ್ಯಾಂಗ್ರಿ?"

"ಚಲೋ ಅದ, ಭಾಳ ಚಲೋ," ಎನ್ನುತ್ತ ಮಲ್ಲಣ್ಣ ಮುಂದೆ ನುಗ್ಗಿದ.

"ಮಲ್ಲಣ್ಣ, ಸುಮ್ಮ ನಿಂದ್ರು," ಎಂದಳು ಗೊಲ್ಲಾಳಮ್ಮ. "ಮಠದ ಮಂದಿ ಮುಂದ ಮುಚ್ಚಿಟ್ರ ನರಕ ಬರ್ತದ. ನಳದಾಗ ನೀರು ಆರು ದಿನಕ್ಕೊಮ್ಮಿ ಬರ್ತಾವ ನೋಡ್ರಿ. ಬಂದಾಗ ಮೊದಲನೇ ಎರಡು ಕೊಡ ಗಟಾರದ್ದು. ಮೂರನೇ ಕೊಡ ಬರೋದ್ರಾಗ ನಿಂತು ಹೋಗ್ತಾವ."

ಮಾಸ್ತರನಿಗೆ "ಮಠ" ಎಂದದ್ದು ಕೇಳಿಸಲಿಲ್ಲ, ಲೋಬಾನಕ್ಕೆ ಕೆಮ್ಮುತ್ತಿದ್ದ. ನೀರಿನ ಸಂಗತಿ ಮಾತ್ರ ಕೇಳಿ ಗಾಬರಿಯಾದ.

"ಹಂಗಾರ ಹ್ಯಾಂಗ?"

"ನಾ ಇದ್ದೀನಲ್ರಿ," ಎಂದ ಇಸ್ಮಾಯಿಲಸಾಬ. "ನಮ್ಮ ಬೋರಿಂದ ಪೈಪ್ ಎಳದೀನಿ. ಎಷ್ಟು ಬೇಕು ಅಷ್ಟು ಬಿಟ್ಕೋರಿ. ಒಂದು ಪೈಸಾ ಮಾತಾಡಬ್ಯಾಡ್ರಿ."

ಮಾಸ್ತರ ಇಸ್ಮಾಯಿಲಸಾಬನನ್ನು ಅಡಿಯಿಂದ ಮುಡಿಯತನಕ ನೋಡಿದ. ಬಳಿಕ ಗೋಡೆ ತಟ್ಟಿದ. ಸುಣ್ಣ ಹೆಕ್ಕಳಿಕೆಯಾಗಿ ಕೈಗೆ ಬಂತು.

"ಹಸಿ ಅದೇನು?"

"ಹಸಿ ಅಂದ್ರ ಏನು ಕೇಳ್ತೀರಿ," ಎಂದ ಸಂಜುಕುಮಾರ. ಒಂದು ವರ್ಷದಿಂದ ಬೇರೆಯವರ ಮನೆಯ ಮಾತು ಬರಲೆಂದು ಕಾದವನು ಆತ. "ಈ ಓಣಿಯಾಗ ಪ್ರತಿ ಇಲೆಕ್ಷನ್ನಿಗಿ ಒಂದು ಸಿಮೆಂಟು ರೋಡ್ ಹಾಕ್ತಾರ, ಹಳೇದರ ಮ್ಯಾಲೇ. ರೋಡ್ ಏರಿಕೋಂತ ಹೋತು, ಮನಿ ಅಲ್ಲೇ ಕುಂತಾದ. ಹೋದ ಶ್ರಾವಣದಾಗ ಮೊಣಕಾಲಮಟ ನೀರು. ಇವ್ರು ಗ್ಯಾಸಿನ ಸಿಲಿಂಡರ್ ತಬ್ಬಕೊಂಡು ಪಲ್ಲಂಗದ ಮ್ಯಾಲ ಕುಂತಿದ್ರು."

"ಅಯ್ಯ, ಆವಾಗ ನಮ್ಮನಿಯಾಗ ಎರಡು ದಿನ ಉಂಡು ಮಲಗಿದ್ರು," ಎಂದಳು ಗೊಲ್ಲಾಳಮ್ಮ. "ಈ ಸಲ ಮಳಿ ಬಂದ್ರೂ ಹಂಗೇ. ನಮ್ಮ ಕಟ್ಟಿ ಎತ್ತರ ಅದ. ತಡವಾಗಿ ಬಂದ್ರೂ ಚಿಂತಿಲ್ಲ, ಬಾಗಲ ಬಡದ್ರ ಸಾಕು."

ಅಡುಗೆಮನೆಯ ಹೊಗೆ ಹೊರಗೆ ಹೋಗದು ಎಂದು ಗೊತ್ತಾಯಿತು. ರೊಟ್ಟಿ ನಾವು ಬಡಿದು ಕೊಡುತ್ತೇವೆಂದು ಇಬ್ಬರು ಮುಂದೆ ಬಂದರು. ಬಚ್ಚಲಿನ ಪರಸಿಕಲ್ಲು ಅಲ್ಲಾಡುತ್ತದೆಂದು ಗೊತ್ತಾಯಿತು. ನಾಳೆಯೇ ಕೂರಿಸುತ್ತೇನೆಂದು ಸಂಜುಕುಮಾರ ಅಂದ. ಮಲ್ಲಣ್ಣ ಒಮ್ಮೆ ಮಾಸ್ತರನ ಎಡಕ್ಕೆ, ಒಮ್ಮೆ ಬಲಕ್ಕೆ ಬಂದು ಮಾತು ಅಡ್ಡ ಹಾಕಲು ನೋಡಿದ. ಪ್ರತಿಸಲ ಯಾರೋ ಅವನ ಕೈಗೆ ಒಂದು ಹೂವಿನ ಬುಟ್ಟಿಯನ್ನೋ ಕರ್ಪೂರದ ತಟ್ಟೆಯನ್ನೋ ಕೊಟ್ಟು ಹಿಂದಕ್ಕೆ ಕಳಿಸಿದರು. ನೆರೆಯವರ ಬಾಯಿ ಕಟ್ಟಲೆಂದು ಹೇಳಿದ ಸುಳ್ಳು, ಅವರ ಬಾಯಿಯನ್ನು ಹೀಗೆ ಹಿಂದೆಂದೂ ಇಲ್ಲದಂತೆ ಬಿಚ್ಚಿತ್ತು.

ಮಾಸ್ತರ ಅಳತೆಯ ಪಟ್ಟಿ ಸುತ್ತಿ ಚೀಲಕ್ಕೆ ಹಾಕಿದ. ಅವನ ಮುಖದಲ್ಲಿ ಏನೋ ಮೆತ್ತಗಾಗಿತ್ತು.

"ನೀರು ಕೊಡ್ತೀವಿ ಅಂತೀರಿ, ರೊಟ್ಟಿ ಕೊಡ್ತೀವಿ ಅಂತೀರಿ. ಎಷ್ಟು ದಿನ ಕೊಡ್ತೀರಿ?"

"ಇರೋತನಕ," ಎಂದ ಇಸ್ಮಾಯಿಲಸಾಬ. "ಎರಡು ದಿನ ಇರ್ರಿ, ನಾಕು ದಿನ ಇರ್ರಿ."

"ನಾಕು ದಿನ ಎಲ್ಲಿದು? ಬಂದೀವಿ ಅಂದ್ರ ಹತ್ತು ಹದಿನೈದು ವರ್ಷ ಇಲ್ಲೇ."

ಹನ್ನೊಂದು ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಅರ್ಥ ಮಾಡಿಕೊಂಡವಳು ಗೊಲ್ಲಾಳಮ್ಮ. ಖಾಲಿ ಗೋಡೆ, ಹೊರಗೆ ಹೋದ ಸಾಮಾನು, ಇಳಿದ ತಂದೆಯ ಫೋಟೋ, ಹದಿನೈದು ವರ್ಷ. ಎಲ್ಲವೂ ಆಕೆಗೆ ಒಂದೇ ಸಲ ಕೂಡಿ ಬಂದವು. ಆಕೆಯ ಕಣ್ಣಲ್ಲಿ ನೀರು ಬಂತು.

"ಮಲ್ಲಣ್ಣ, ಮನಿನ ಮಠಕ್ಕ ಬಿಟ್ಟುಕೊಟ್ಟಿಯೇನೋ? ಇಷ್ಟು ದೊಡ್ಡ ಕೆಲಸ ಮಾಡಿ ಬಾಯಿಬಿಟ್ಟು ಹೇಳಲಿಲ್ಲಲ್ಲೋ ತಮ್ಮ."

ಹೀಗೆಂದವಳೇ ಬಗ್ಗಿ ಮಲ್ಲಣ್ಣನ ಪಾದ ಮುಟ್ಟಿದಳು. ಎಪ್ಪತ್ತರ ಮುದುಕಿ. ಆತ ಹಾವು ತುಳಿದವನಂತೆ ಹಿಂದಕ್ಕೆ ಜಿಗಿದ. ಅಜ್ಜನವರಿಗೆಂದು ತಂದಿದ್ದ ಹಾರವನ್ನು ಸಂಜುಕುಮಾರ ಅವನ ಕೊರಳಿಗೇ ಹಾಕಿಬಿಟ್ಟ. "ಹತ್ತು ಸಲ ಜಗಳಾಡೀನಿ ನಿನ್ನ ಜೋಡಿ, ಮಾಫ್ ಮಾಡು," ಎಂದು ತಬ್ಬಿಕೊಂಡ.

ಈ ಸಲ ಮಾಸ್ತರ ಕೆಮ್ಮುತ್ತಿರಲಿಲ್ಲ.

"ಮಠಕ್ಕ ಕೊಟ್ಟಾರಾ? ಈ ಮನಿನಾ?" ಆತ ಶಾಲು ತೆಗೆದು ಕುರ್ಚಿಯ ಮೇಲಿಟ್ಟ. "ಮಲ್ಲಣ್ಣನೋರ, ಗುರುವಿಗಿ ಕೊಟ್ಟ ಮನಿ ನನಗ ಮಾರಾಕ ಕರದಿರೇನು? ನನಗೂ ಹೆಂಡ್ತಿ ಮಕ್ಕಳು ಅದಾವ್ರಿ. ಆ ಪಾಪ ನಮಗ ಬ್ಯಾಡ." ಹೊಸ್ತಿಲ ಹೊರಗಿದ್ದ ಚಪ್ಪಲಿಯೊಳಗೆ ಒಂದು ಕಾಲಿಟ್ಟೇಬಿಟ್ಟ.

ಮಲ್ಲಣ್ಣ ಬಾಯಿ ತೆರೆದ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಒಂದು ಪ್ರಶ್ನೆಗೂ ನೇರ ಉತ್ತರ ಕೊಡದವನ ಬಾಯಿಗೆ ಅಂಥದ್ದೊಂದು ಉತ್ತರ ಆಗ ಬರಲೇ ಇಲ್ಲ. ಅಡುಗೆಮನೆಯ ಬಾಗಿಲಿಂದ ಕಸ್ತೂರಿ ನಡುವೆ ಬಂದು ನಿಂತಳು.

"ಅಜ್ಜಾರು ಬರಂಗಿಲ್ಲ ಯವ್ವ," ಎಂದಳು ಗೊಲ್ಲಾಳಮ್ಮನಿಗೆ. "ನಾವು ಕರದೇ ಇಲ್ಲ. ಮನಿ ಮಾರಾಕತ್ತೀವಿ. ಇವ್ರು ಮಾಸ್ತರು, ತಗೊಳ್ಳಾಕಂತ ನೋಡಾಕ ಬಂದಾರ. ನನಗ ಬಸ್ಸಿನಾಗ ನಿಂದ್ರಾಕ ಆಗವಲ್ದು. ಶಹಾಪುರದಾಗ ದವಾಖಾನಿ ಬಾಜೂಕ ಒಂದು ಮನಿ ಅದ, ನಾಳಿ ಸಂಜಿಗಿ ಕೈತಪ್ಪತದ. ನಿಮಗ ಹೇಳಿದ್ರ ಇದು ಮಾರಂಗಿಲ್ಲಂತ ಇವ್ರು ಸುಳ್ಳ ಹೇಳಿದ್ರು. ನಾ ಸುಮ್ಮ ಕುಂತೆ. ನಂದೂ ತಪ್ಪು ಅದ."

ಇಸ್ಮಾಯಿಲಸಾಬ ಟೋಪಿ ತೆಗೆದು, ತಲೆ ಸವರಿಕೊಂಡು, ಮತ್ತೆ ಹಾಕಿಕೊಂಡ. ಕೊರಳಲ್ಲಿ ಹಾರ ಹಾಕಿಕೊಂಡು ಮಲ್ಲಣ್ಣ ನೆಲ ನೋಡುತ್ತ ನಿಂತ.

"ಅಜ್ಜಾರ ಹೆಸರಿನ ಮ್ಯಾಲ ಸುಳ್ಳ ಹೇಳಿದಿ," ಎಂದಳು ಗೊಲ್ಲಾಳಮ್ಮ ಕಡೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ತಾಗಿತು. "ನಾಳಿ ಮಠಕ್ಕ ಹೋಗಿ ಅಡ್ಡ ಬೀಳು. ಅದನ್ನ ಅಜ್ಜಾರು ನೋಡ್ಕೋತಾರ. ಹತ್ತೊಂಬತ್ತು ವರ್ಷ ಗ್ವಾಡಿಗಿ ಗ್ವಾಡಿ ಹಚ್ಚಿ ಇದ್ದು, ಬಿಟ್ಟು ಹೋಗ್ತೀವಿ ಅಂತ ನನಗ ಒಂದು ಮಾತು ಹೇಳಲಿಲ್ಲ. ಅದನ್ನ ಯಾರು ನೋಡ್ಕೋಬೇಕು?"

ಮಲ್ಲಣ್ಣ ಕೊರಳಿನ ಹಾರಕ್ಕೆ ಕೈ ಹಾಕಿದ, ತೆಗೆಯಲಾಗದೆ ಬಿಟ್ಟ.

ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಹೊಸ್ತಿಲಲ್ಲಿ ಇಟ್ಟುಕೊಂಡು ಇದೆಲ್ಲ ಕೇಳಿಸಿಕೊಂಡ ಮಾಸ್ತರ, ತಿರುಗಿ ಗೊಲ್ಲಾಳಮ್ಮನ ಕಡೆ ನೋಡಿದ.

"ಅವ್ವಾರ, ನಾ ಮಠದಾವ ಅಲ್ಲಂತ ಈಗ ನಿಮಗ ಗೊತ್ತಾತು. ಮಾಲಕರ ಮಾತು ನಾ ಕೇಳಂಗಿಲ್ಲ, ನೀವು ಹೇಳ್ರಿ. ಈ ಮನಿ ತಗೋಬೇಕೋ ಬ್ಯಾಡೋ?"

ಮಲ್ಲಣ್ಣ ನಾಲ್ಕು ದಿನದಿಂದ ಯಾವ ಬಾಯಿಗೆ ಹೆದರಿ ನಿದ್ದೆಗೆಟ್ಟಿದ್ದನೋ ಆ ಬಾಯಿಗೇ ಈಗ ಎಲ್ಲವೂ ಬಂದು ನಿಂತಿತ್ತು. ಗೊಲ್ಲಾಳಮ್ಮ ಅವನನ್ನು ನೋಡಲೇ ಇಲ್ಲ. ಕಸ್ತೂರಿಯನ್ನು ಬಹಳ ಹೊತ್ತು ನೋಡಿದಳು.

"ಮನಿ ಅಷ್ಟಕ್ಕಷ್ಟೇ," ಎಂದಳು. "ಎಲ್ಲಾ ಹೇಳೀನಿ, ಒಂದೂ ಮುಚ್ಚಿಟ್ಟಿಲ್ಲ. ಆದರೂ ತಗೋ. ಈ ಹುಡುಗಿ ಹೋಗಬೇಕಾಗ್ಯಾದ."

"ಮತ್ತ ನೀರು?"

"ಕೂಡಿಸಿದ ಪೈಪ್ ನಾ ಬಿಚ್ಚಂಗಿಲ್ಲ," ಎಂದ ಇಸ್ಮಾಯಿಲಸಾಬ. "ಭಾಳ ತ್ರಾಸ ತಗೊಂಡು ಕೂಡಿಸೀನಿ."

ಮಾಸ್ತರ ಚಪ್ಪಲಿಯಿಂದ ಕಾಲು ತೆಗೆದು ಒಳಗೆ ಬಂದ. "ಹದಿನೆಂಟು ಮನಿ ನೋಡೀನ್ರಿ. ಎಲ್ಲಾರೂ ಭಾಳ ಚಲೋ ಮನಿ ಅಂದ್ರು, ಒಂದೂ ನಂಬಾಕ ಆಗಲಿಲ್ಲ. ಇದೊಂದು ಮನಿ ಎಷ್ಟು ಕೆಟ್ಟದ್ದು ಅಂತ ಪೂರಾ ಗೊತ್ತಾತು. ನಾ ತಗೋತೀನಿ. ನಾಳಿ ಹತ್ತಕ್ಕ ಕಚೇರಿಗಿ ಬರ್ರಿ, ಕಾಗದ ಮಾಡೋಣು."

ಮಾತು ಮುಗಿಯಿತು. ಆದರೆ ಅರವತ್ತು ಮಂದಿಯ ಹೋಳಿಗೆ ಮುಗಿದಿರಲಿಲ್ಲ. ಎಲ್ಲರಿಗೂ ಹಸಿವೆಯಾಗಿತ್ತು, ಆದರೆ ಪೂಜೆಯಿಲ್ಲದೆ ಉಣ್ಣುವುದು ಹೇಗೆಂದು ಯಾರಿಗೂ ತಿಳಿಯದೆ ಶಾಮಿಯಾನದ ಕೆಳಗೆ ಸುಮ್ಮನೆ ನಿಂತರು. ಹಂಡೆಯಲ್ಲಿ ಪಾದಪೂಜೆಗೆಂದು ಕಾಸಿದ ನೀರು ಹಬೆಯಾಡುತ್ತಿತ್ತು. ಗೊಲ್ಲಾಳಮ್ಮ ಕಸ್ತೂರಿಯ ರಟ್ಟೆ ಹಿಡಿದು ತಂದು ಕುರ್ಚಿಯ ಮೇಲೆ ಕೂರಿಸಿದಳು.

"ಬ್ಯಾಡ ಯವ್ವ, ಏನಿದು."

"ಕಾಸಿದ ನೀರು ಚೆಲ್ಲಾಕ ಬರಂಗಿಲ್ಲ. ಹನ್ನೊಂದು ವರ್ಷ ನಿಂತೀಯಲ್ಲ, ಒಂದರ ಘಳಿಗಿ ಕೂಡು." ಅಗಲವಾದ ಹಿತ್ತಾಳೆಯ ಪರಾತ ಸರಿಸಿ ಆಕೆಯ ಕಾಲಡಿ ಇಟ್ಟು, ತಂಬಿಗೆಯನ್ನು ಮಲ್ಲಣ್ಣನ ಕೈಗೆ ಕೊಟ್ಟಳು. "ನೀ ತೊಳಿ."

ಓಣಿಯೆಲ್ಲ ನೋಡುತ್ತಿತ್ತು. ಮಲ್ಲಣ್ಣ ಕೊರಳಿನ ಹಾರ ತೆಗೆದು ಬದಿಗಿಟ್ಟು, ಮೊಣಕಾಲೂರಿ ಕುಳಿತ. ಹೆಂಡತಿಯ ಬಲಗಾಲನ್ನು ಎತ್ತಿ ಪರಾತದಲ್ಲಿಟ್ಟ. ಹಿಮ್ಮಡಿಯಿಂದ ಮೀನಖಂಡದತನಕ ಬಾವು ಬಂದಿತ್ತು. ಹೆಬ್ಬೆರಳಿನಿಂದ ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಇಳಿದ ಗುರುತು ಕಪ್ಪಾಗಿತ್ತು. ದಿನಾ ಬಾಗಿಲು ದಾಟಿ ಹೋಗಿ ಬರುತ್ತಿದ್ದ ಕಾಲುಗಳು. ತಾನು ಕುರ್ಚಿಯ ಮೇಲೆ ಕೂತು ಅವನ್ನು ಒಮ್ಮೆಯೂ ನೋಡಿರಲಿಲ್ಲ. ಮಲ್ಲಣ್ಣನಿಗೆ ಬಹಳ ನಾಚಿಕೆಯಾಯಿತು. ಸುಳ್ಳು ಸಿಕ್ಕಿಬಿದ್ದಾಗ ಆದದ್ದು ಇದರ ಮುಂದೆ ಏನೂ ಅಲ್ಲ. ಆತ ನಿಧಾನವಾಗಿ ನೀರು ಹಾಕಿದ, ಬೆರಳ ಸಂದು ಸಂದು ಉಜ್ಜಿದ, ತನ್ನ ಹೆಗಲ ಮೇಲಿನ ಟವೆಲಿನಿಂದ ಒರೆಸಿದ. ಕಸ್ತೂರಿ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. ಆಕೆಯ ಭುಜ ಅಲುಗುತ್ತಿತ್ತು.

ಅವನ ಕಣ್ಣೂ ತುಂಬಿತ್ತು. ಅದನ್ನು ಮಂದಿಗೆ ತೋರಿಸಬಾರದೆಂದು ತಂಬಿಗೆ ಕೆಳಗಿಟ್ಟು ಗಡಬಡಿಸಿ ಎದ್ದ.

"ಎಲ್ಲಿ ಹೊಂಟಿ?" ಎಂದಳು ಗೊಲ್ಲಾಳಮ್ಮ. "ಎಡಗಾಲು ಯಾರು ತೊಳೀಬೇಕು?"

ಮಲ್ಲಣ್ಣ ಮತ್ತೆ ಕುಳಿತ.